ಮಾತು ಹಿಂದಕ್ಕೆ ತೆಗೆದುಕೊಂಡ ಸೋಮವಾರ

ಹೊಳಲ್ಕೆರೆ
೯ ಜೂನ್ ೨೦೨೫

ಸುಮಿತ್ರಾಗೆ ಸಿದ್ದಮ್ಮನ ಶರಣು.

ನನ್ನ ಅಕ್ಷರ ಕಂಡ ಕೂಡಲೇ ಹರಿದು ಒಲೆಗೆ ಹಾಕಬೇಡ ಕಣೇ. ಮೂರು ವರ್ಷದಿಂದ ನೀನು ನನ್ನ ಫೋನ್ ಎತ್ತಿಲ್ಲ. ಬೇರೆಯವರ ನಂಬರಿನಿಂದ ಮಾಡಿದರೆ ದನಿ ಕೇಳಿ ಕಟ್ ಮಾಡುತ್ತೀಯ. ಹಿರಿಯೂರಿನಲ್ಲಿ ನಿಮ್ಮ ದೊಡ್ಡಕ್ಕನ ಮನೆ ಸೇರಿದ್ದೀಯಂತೆ, ಹುಣಸೆಹಣ್ಣು ಬಿಡಿಸುವ ಕೆಲಸ ಹಿಡಿದಿದ್ದೀಯಂತೆ. ಅವರಿವರ ಬಾಯಲ್ಲಿ ಕೇಳಿ ವಿಳಾಸ ತೆಗೆದುಕೊಂಡೆ. ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವಳು, ಇಪ್ಪತ್ತೊಂದು ವರ್ಷ ಒಂದು ಗೋಡೆಯ ಆಚೆಗೆ ಬಾಳಿದವಳು ಬರೆದಿದ್ದಾಳೆ ಅಂದುಕೊಂಡು ಓದು.

ನಮ್ಮ ಪಲ್ಲವಿಯ ಮಗಳು ರಂಜಿತಾಗೆ ಏಪ್ರಿಲ್‌ನಲ್ಲಿ ಮೂರು ತುಂಬಿತು. ನೋಡಲು ಲಕ್ಷಣವಾಗಿದ್ದಾಳೆ, ದೃಷ್ಟಿಯಾಗಬೇಕು. ಆದರೆ ಇನ್ನೂ ಅಮ್ಮ ಎಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ತುದಿಗಾಲಿನಲ್ಲಿ ನಡೆಯುತ್ತಾಳೆ. ಫ್ಯಾನು ತಿರುಗುವುದನ್ನು ನೋಡುತ್ತ ಇಡೀ ಮಧ್ಯಾಹ್ನ ಕಳೆಯುತ್ತಾಳೆ, ಕುಕ್ಕರ್ ಕೂಗಿದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ನಿನಗೆ ಇದನ್ನೆಲ್ಲ ನಾನು ಬಿಡಿಸಿ ಹೇಳಬೇಕೇ? ನಿನ್ನ ಬಿಂದುವನ್ನು ಎತ್ತಿ ಆಡಿಸಿದವಳು ನಾನು. ದಾವಣಗೆರೆಯ ಡಾಕ್ಟರು ಆಟಿಸಂ ಎಂದರು. ಕೇಳಿದ ದಿನ ನನ್ನ ಎದೆ ಒಡೆದು ಹೋಯಿತು.

ಪಲ್ಲವಿಯ ಮಾವ ಪಂಚಾಕ್ಷರಪ್ಪನವರನ್ನು ನೀನು ನೋಡಿದ್ದೀಯ. ಬಾಗೂರಿನಲ್ಲಿ ನಾಲ್ಕು ಜನಕ್ಕೆ ನ್ಯಾಯ ಹೇಳುವವರು. ಅವರ ಕಿವಿಗೆ ನಿನ್ನ ಮಾತು ಬಿದ್ದಿದೆ. ಪಲ್ಲವಿಯ ಸೀಮಂತದ ದಿನ ಬಸುರಿಯ ಮುಂದೆ ನಿಂತು ಆಡಿದೆಯಲ್ಲ, "ನಿನ್ನ ಮೊಮ್ಮಗುನೂ ನನ್ನ ಬಿಂದು ಹಂಗೇ ಹುಟ್ಲಿ ಕಣೇ ಸಿದ್ದಿ, ಆವಾಗ ಗೊತ್ತಾಗ್ತೈತೆ ನಿನಗೆ" ಅಂತ, ಆ ಮಾತು.

ನೊಂದವರ ಬಾಯಿಂದ ಬಿದ್ದ ಮಾತನ್ನು ಆಡಿದವರೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತಾರೆ ಹಿರಿಯರು. ಎಲೆ ಅಡಿಕೆ ಮುಟ್ಟಿ, ಮಗುವಿನ ಹಣೆಗೆ ವಿಭೂತಿ ಇಟ್ಟು ಮೂರು ಸಲ ಹೇಳಿದರೆ ಸಾಕಂತೆ. ಒಂದು ಸಲ ಬಾಗೂರಿಗೆ ಬಂದು ಹೋಗೇ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ದಾರಿ ನೋಡುತ್ತಿರುವ
ಮರುಳಸಿದ್ದಮ್ಮ


ಹಿರಿಯೂರು
೨೩ ಜೂನ್ ೨೦೨೫

ಸಿದ್ದಮ್ಮನಿಗೆ,

ಕಾಗದ ಒಲೆಗೆ ಹಾಕಲಿಲ್ಲ. ದೊಡ್ಡಕ್ಕನ ಮನೆಯಲ್ಲಿ ಗ್ಯಾಸ್ ಇದೆ.

ನನ್ನ ಬಾಯಿಂದ ಬಂದದ್ದೆಲ್ಲ ಫಲಿಸುವಂತಿದ್ದರೆ ನಮ್ಮ ಬೀದಿಯಲ್ಲಿ ಒಂದು ಮನೆಯೂ ನಿಂತಿರುತ್ತಿರಲಿಲ್ಲ. ಬಿಂದು ಹುಟ್ಟಿದಾಗ ನನಗೆ ಶಾಪ ಕೊಟ್ಟವರು ಯಾರೇ ಹಾಗಾದರೆ? ಆಗ ಊರೆಲ್ಲ ಕರ್ಮ ಎಂದಿತು, ನೀನೊಬ್ಬಳೇ ಅನ್ನಲಿಲ್ಲ. ಅದಕ್ಕೇ ನಿನ್ನನ್ನು ಅಷ್ಟು ಹಚ್ಚಿಕೊಂಡಿದ್ದೆ.

ಆ ದಿನದ್ದು ನೀನು ಅರ್ಧ ಬರೆದಿದ್ದೀಯ, ಇನ್ನರ್ಧ ನಾನು ಬರೆಯುತ್ತೇನೆ. ಬಿಂದುವಿಗೆ ಆಗ ಹದಿನೆಂಟು. ಪಲ್ಲವಿ ಕೈತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. ಇವಳು ಹೋಗಿ ಆ ಬಳೆ ಒಂದೊಂದಾಗಿ ಎಣಿಸಿದಳು. ಅಷ್ಟೇ ಅವಳು ಮಾಡಿದ್ದು. ನೀನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೊಬ್ಬರಿ ಕೋಣೆಗೆ ನೂಕಿ ಚಿಲಕ ಹಾಕಿದೆ. ನಾನು ಹಿತ್ತಲಲ್ಲಿ ನಿನ್ನ ಬೀಗರಿಗೆ ಹೋಳಿಗೆ ಬೇಯಿಸುತ್ತಿದ್ದೆ. ವಾಲಗದ ಸದ್ದಿಗೆ ಅವಳ ಕೂಗು ಕೇಳಿಸಲಿಲ್ಲ. ಮುಕ್ಕಾಲು ಗಂಟೆ ಕಣೇ. ಬಾಗಿಲು ತೆಗೆದಾಗ ಎರಡು ಉಗುರು ಕಿತ್ತು ಬಂದಿದ್ದವು, ಲಂಗ ಒದ್ದೆಯಾಗಿತ್ತು. ಆಗ ಆಡಿದ ಮಾತು ಅದು. ಆಡಿಲ್ಲ ಅನ್ನುವುದಿಲ್ಲ.

ಆದರೆ ಒಂದು ಕೇಳುತ್ತೇನೆ. ನಿನ್ನ ಬೀಗರ ಕಡೆಯವರೆಲ್ಲ ಆಗ ಹೊರಗೆ ಚಪ್ಪರದಲ್ಲಿ ಊಟಕ್ಕೆ ಕೂತಿದ್ದರು. ಪಂಚಾಕ್ಷರಪ್ಪನವರಿಗೆ ಇದನ್ನು ಹೇಳಿದವರು ಯಾರು?

ಡಾಕ್ಟರು ಹೆಸರು ಹೇಳಿದರು ಎಂದು ಬರೆದೆ, ಏನು ಮಾಡಿ ಎಂದರು ಅಂತ ಬರೆದಿಲ್ಲ. ನನಗೆ ಆ ಹೆಸರು ಗೊತ್ತಾಗುವ ಹೊತ್ತಿಗೆ ಬಿಂದುವಿಗೆ ಒಂಬತ್ತು ವರ್ಷ. ಅಲ್ಲಿಯವರೆಗೆ ಕಂಡ ಕಂಡ ದೇವರಿಗೆ ಸುತ್ತು ಹಾಕಿ ಕಾಲ ಕಳೆದೆ. ನಿಮಗೆ ಮೂರರಲ್ಲೇ ಗೊತ್ತಾಗಿದೆ. ಮಾತು ಕಲಿಸುವವರ ಹತ್ತಿರ ಕರೆದುಕೊಂಡು ಹೋಗಿ. ನಾನು ಬಾಗೂರಿಗೆ ಬರುವುದಿಲ್ಲ. ನನ್ನ ಮಗಳು ಶಾಪ ಅಲ್ಲ, ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ.

ಸುಮಿತ್ರಾ


ಹೊಳಲ್ಕೆರೆ
೧೪ ಜುಲೈ ೨೦೨೫

ಸುಮಿ,

ಬೈದರೂ ಬರೆದೆಯಲ್ಲ, ಅಷ್ಟು ಸಾಕು.

ಹೋದ ವಾರ ಬಾಗೂರಿಗೆ ಹೋಗಿದ್ದೆ. ಮಗುವನ್ನು ನಾಲ್ಕು ತಿಂಗಳಿಂದ ಹೊಸಿಲು ದಾಟಿಸಿಲ್ಲ. ಯಾರಾದರೂ ಬಂದರೆ ಅತ್ತೆಯವರು ಒಳಗೆ ಎತ್ತಿಕೊಂಡು ಹೋಗುತ್ತಾರೆ. ಹಾಲುರಾಮೇಶ್ವರಕ್ಕೆ ಹರಕೆ ಆಯಿತು, ತಾಯಿತ ಆಯಿತು. ಡಾಕ್ಟರು ವಾರಕ್ಕೆ ಎರಡು ಸಲ ತರಬೇತಿಗೆ ಬನ್ನಿ ಎಂದಿದ್ದರು. "ಮೂರು ವರ್ಷದ ಕೂಸಿಗೆ ಎಂಥ ಟ್ರೇನಿಂಗು, ಪೊಲೀಸ್ ಕೆಲಸಕ್ಕೆ ಸೇರಿಸ್ತೀರೇನು" ಎಂದು ಪಂಚಾಕ್ಷರಪ್ಪನವರು ನಕ್ಕರಂತೆ.

ಈಗ ಅವರ ತೀರ್ಮಾನ ಇದು. ಶ್ರಾವಣದ ಕಡೆಯ ಸೋಮವಾರದೊಳಗೆ ನೀನು ಬಂದು ಮಾತು ತೆಗೆದುಕೊಳ್ಳಬೇಕು. ಬರದಿದ್ದರೆ ಮಗುವಿಗೆ ಬರೆ ಹಾಕಿಸುತ್ತಾರಂತೆ. ಬಳೆಚೂರು ಕೆಂಪಗೆ ಕಾಯಿಸಿ ಬೆನ್ನಿಗೆ ಮೂರು, ಹೊಟ್ಟೆಗೆ ಮೂರು. ಪಕ್ಕದ ಹಳ್ಳಿಯಲ್ಲಿ ಹಾಕುವವನು ಇದ್ದಾನಂತೆ, ಹೇಳಿಯೂ ಕಳಿಸಿದ್ದಾರೆ.

ಫೋನ್ ಮಾಡಿ ಪೊಲೀಸರನ್ನು ಕರೆಸು ಎನ್ನುತ್ತೀಯ, ನಿನ್ನ ಬುದ್ಧಿ ಗೊತ್ತು. ಪೊಲೀಸರು ಬಂದು ಹೋಗುತ್ತಾರೆ, ಪಲ್ಲವಿ ಅಲ್ಲೇ ಬಾಳಬೇಕಲ್ಲ. ನನ್ನ ಮೇಲಿನ ಸಿಟ್ಟನ್ನು ಆ ಎಳೆಯ ಚರ್ಮದ ಮೇಲೆ ತೀರಿಸಿಕೊಳ್ಳಬೇಡ. ಮೂರು ಮಾತು ಕಣೇ ಸುಮಿ. ನಿನಗೇನು ಖರ್ಚು?

ಸಿದ್ದಿ


ಬಾಗೂರು
೧೩ ಆಗಸ್ಟ್ ೨೦೨೫

ಸುಮಿ ಚಿಕ್ಕಮ್ಮನಿಗೆ ಪಲ್ಲವಿಯ ನಮಸ್ಕಾರಗಳು.

ಫೋನ್ ಮಾವನವರ ಹತ್ತಿರ ಇರುತ್ತದೆ. ಡೈರಿಗೆ ಹಾಲು ಕೊಡಲು ಹೋದಾಗ ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ. ಉತ್ತರ ಬರೆದರೆ ಡೈರಿಯ ದಾಕ್ಷಾಯಿಣಕ್ಕನ ವಿಳಾಸಕ್ಕೆ ಬರೆಯಿರಿ, ಕೆಳಗೆ ಕೊಟ್ಟಿದ್ದೇನೆ.

ನೀವು ಸೋಮವಾರ ಬರುತ್ತೀರಂತೆ, ಒಪ್ಪಿಕೊಂಡಿದ್ದೀರಂತೆ. ಬರಬೇಡಿ ಚಿಕ್ಕಮ್ಮ. ನೀವು ಆ ಮಾತು ಹೇಳಿಬಿಟ್ಟರೆ ಈ ಮಗು ಶಾಪದ್ದು ಎಂದು ನೀವೇ ಸಾಕ್ಷಿ ಹೇಳಿದ ಹಾಗೆ. ಇವಳು ಬೆಳೆದು ದೊಡ್ಡವಳಾದರೂ ಊರಿನವರು ಅದನ್ನೇ ಹೇಳುತ್ತಾರೆ. ಬರೆಗೆ ನಾನು ಅಡ್ಡ ನಿಲ್ಲುತ್ತೇನೆ, ಏನಾದರೂ ಮಾಡಿ ತಪ್ಪಿಸುತ್ತೇನೆ. ನಮ್ಮ ಯಜಮಾನರು ಹಾಲೇಶ್ ಕೋಣೆಯೊಳಗೆ ನನ್ನ ಕಡೆ, ಅಂಗಳಕ್ಕೆ ಬಂದರೆ ಅಪ್ಪನ ಕಡೆ. ಇರಲಿ.

ಸೀಮಂತದ ದಿನ ಅರವತ್ತು ಜನ ಬಂದಿದ್ದರು. ಎಲ್ಲರೂ ನನ್ನ ಹೊಟ್ಟೆ ನೋಡಿದರು, ಸೀರೆ ನೋಡಿದರು. ಬಿಂದು ಒಬ್ಬಳೇ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಸಂತೋಷಪಟ್ಟಳು. ಅವಳನ್ನು ಅಮ್ಮ ಎಳೆದುಕೊಂಡು ಹೋಗುವಾಗ ನಾನು ನೋಡುತ್ತಿದ್ದೆ. ಬಾಯಿ ಬಿಡಲಿಲ್ಲ. ರಂಜಿತಾಳನ್ನು ಅತ್ತೆ ಒಳಗೆ ಎತ್ತಿಕೊಂಡು ಹೋದಾಗಲೆಲ್ಲ ನನಗೆ ಅದು ನೆನಪಾಗಿ ಅಳು ಬರುತ್ತದೆ. ನನ್ನನ್ನು ಕ್ಷಮಿಸಿ. ದಯವಿಟ್ಟು ಬರಬೇಡಿ.

ನಿಮ್ಮ ಮಗಳು
ಪಲ್ಲವಿ


ಹಿರಿಯೂರು
೨೨ ಆಗಸ್ಟ್ ೨೦೨೫

ಪಲ್ಲವಿ ಮಗಳೇ,

ನಿನ್ನ ಕಾಗದ ನನಗೆ ಸಿಕ್ಕಿದ್ದು ಮೊನ್ನೆ, ಬುಧವಾರ. ನಡುವೆ ಸ್ವಾತಂತ್ರ್ಯ ದಿನ, ಭಾನುವಾರ. ಸೋಮವಾರ ನಾನು ಬಂದು ಹೋಗಿಯಾಗಿತ್ತು.

ನಿನ್ನನ್ನು ಅಡುಗೆಮನೆಯಲ್ಲೇ ಕೂರಿಸಿದ್ದರು. ಅಂಗಳದಲ್ಲಿ ಆದದ್ದನ್ನು ನಾನೇ ಹೇಳುತ್ತೇನೆ, ಬೇರೆಯವರ ಬಾಯಲ್ಲಿ ಕೇಳಬೇಡ.

ದೊಡ್ಡಕ್ಕನಿಗೆ ಜ್ವರ ಬಂದಿತ್ತು. ಬಿಂದುವನ್ನು ಬಿಟ್ಟು ಬರುವ ಹಾಗಿರಲಿಲ್ಲ, ಕರೆದುಕೊಂಡೇ ಬಂದೆ. ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ಹಾರನ್ನಿಗೆ ಹೆದರಿದವಳು ನನ್ನ ಸೆರಗನ್ನು ಬಿಡಲೇ ಇಲ್ಲ. ನಿಮ್ಮ ಅಂಗಳದಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ನಿಮ್ಮ ಮಾವ ಎದ್ದು ಬಂದು ಕೈಮುಗಿದರು. "ಬರ್ರಿ ತಾಯಿ, ಕುಂತ್ಕಳ್ರಿ. ಮಜ್ಜಿಗೆ ಕುಡೀರಿ ಮೊದ್ಲು. ನಿಮ್ಮ ಮ್ಯಾಗೆ ನಮಗೇನೂ ಸಿಟ್ಟಿಲ್ಲ. ನೊಂದ ಜೀವ, ಬಾಯಿಗೆ ಬಂದಿರ್ತೈತೆ" ಎಂದರು. ಜಗಳಕ್ಕೆ ಸೊಂಟ ಕಟ್ಟಿ ಬಂದಿದ್ದೆ ಕಣಮ್ಮ. ಅಷ್ಟು ಮರ್ಯಾದೆಯ ಮುಂದೆ ನನ್ನ ಬಾಯಿ ಕಟ್ಟಿಹೋಯಿತು.

ಎಲೆ ಅಡಿಕೆ ಮುಟ್ಟಿಸಿದರು. ನಿಮ್ಮ ಅತ್ತೆ ರಂಜಿತಾಳನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದಿದ್ದರು. ವಿಭೂತಿ ಇಟ್ಟೆ. ನನ್ನ ಬೆರಳು ತಾಕಿದ್ದಕ್ಕೆ ಮುಖ ಕಿವುಚಿದಳು, ನನ್ನ ಮಗಳು ಮೂರು ವರ್ಷದಲ್ಲಿ ಹೇಗೆ ಕಿವುಚುತ್ತಿದ್ದಳೋ ಹಾಗೆಯೇ. ಹಿರಿಯರೊಬ್ಬರು ಹೇಳಿಕೊಟ್ಟರು, ನಾನು ಹೇಳಿದೆ. "ಇಂಥ ಕೂಸು ಯಾರ ಮನೆಗೂ ಬೇಡ. ನನ್ನ ಮಾತು ನಾನೇ ಹಿಂದಕ್ಕೆ ತಗಂಡೆ." ಮೂರು ಸಲ. ನಿಮ್ಮ ಮಾವ ವಿಭೂತಿ ಮುಟ್ಟಿ ಬರೆ ಹಾಕಿಸುವುದಿಲ್ಲ ಎಂದರು. ಅದಕ್ಕಾಗಿಯೇ ಬಂದದ್ದು, ಅದನ್ನು ತೆಗೆದುಕೊಂಡು ಹೊರಟೆ.

ಬಿಂದು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ತಾನಾಗಿ ಮಾತು ಕಟ್ಟಿ ಆಡುವುದು ಕಡಿಮೆ, ಕೇಳಿದ್ದನ್ನು ಹಿಡಿದುಕೊಳ್ಳುತ್ತಾಳೆ. ಬಸ್ ಕಂಡಕ್ಟರ್ ಅಂದದ್ದು, ಟಿವಿಯಲ್ಲಿ ಬಂದದ್ದು, ಯಾವುದಾದರೂ ಒಂದು ಹತ್ತಿದರೆ ತಿಂಗಳುಗಟ್ಟಲೆ ಅದೇ. ಹುಣಸೆಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು ಬೀಜ ತೆಗೆಯುತ್ತ ಸೋಮವಾರ ಸಂಜೆಯಿಂದ ಅವಳು ಹೇಳುತ್ತಿರುವುದು, "ಇಂಥ ಕೂಸು ಯಾರ ಮನೆಗೂ ಬೇಡ." ನನ್ನದೇ ದನಿಯಲ್ಲಿ, ನನ್ನದೇ ಏರಿಳಿತದಲ್ಲಿ. ಅರ್ಥ ಗೊತ್ತಾಗುತ್ತದೋ ಇಲ್ಲವೋ ತಿಳಿಯದು. ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುವುದೂ ಆಗುವುದಿಲ್ಲ, ಹೇಳುವಾಗ ಅವಳು ನನ್ನ ಮುಖ ನೋಡುತ್ತಾಳೆ.

ಒಂದು ಮಾತು ಮಾತ್ರ ನಿನಗೆ ಹೇಳಬೇಕು. ನಿಮ್ಮಮ್ಮ ಮಾಡಿದ್ದು ತಪ್ಪು. ಆದರೆ ಆ ದಿನ ಸಿಟ್ಟಿನಲ್ಲಿ ಬೈಯಲು ನನಗೆ ಸಿಕ್ಕ ಅತಿ ಕೆಟ್ಟ ಬೈಗುಳ ಯಾವುದು? ನನ್ನ ಮಗಳ ಹೆಸರು. ಅವಳ ಹಾಗೆ ಹುಟ್ಟಲಿ ಎಂದೆ. ಹೆತ್ತವಳೇ ಹಾಗೆ ಬಳಸಿದ ಮೇಲೆ ಪಂಚಾಕ್ಷರಪ್ಪನವರನ್ನು ಯಾವ ಮುಖ ಇಟ್ಟುಕೊಂಡು ಅನ್ನಲಿ.

ಇಲ್ಲಿ ಮಂಗಳವಾರ ಮಂಗಳವಾರ ಹಳೇ ಅಂಗನವಾಡಿ ಕೋಣೆಯಲ್ಲಿ ನಾವು ಏಳು ಮನೆಯವರು ಮಕ್ಕಳ ಜೊತೆ ಸೇರುತ್ತೇವೆ. ದೀಪಾ ಎಂಬ ಟೀಚರಮ್ಮ ಬಂದು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ತೋರಿಸಿಕೊಡುತ್ತಾಳೆ. ಎಂದಾದರೂ ಆ ಹೊಸಿಲು ದಾಟಿದರೆ ಅಲ್ಲಿಗೆ ಬಾ.

ನಿನ್ನ ಚಿಕ್ಕಮ್ಮ
ಸುಮಿತ್ರಾ


ಹೊಳಲ್ಕೆರೆ
೧೦ ನವೆಂಬರ್ ೨೦೨೫

ಸುಮಿ,

ಬರೆ ಹಾಕಿಬಿಟ್ಟರು.

ದೀಪಾವಳಿ ಮುಗಿದ ಮರುವಾರ. ಮಾತು ಹಿಂದಕ್ಕೆ ತೆಗೆದುಕೊಂಡು ಎರಡು ತಿಂಗಳಾದರೂ ಮಗು ಮಾತಾಡಲಿಲ್ಲವಲ್ಲ, ಶಾಪದ ಜೊತೆ ಬೇರೇನೋ ಸೇರಿದೆ ಎಂದರು. ಪಲ್ಲವಿ ಡೈರಿಗೆ ಹೋಗಿದ್ದ ಹೊತ್ತು ನೋಡಿ ಮಾಡಿದ್ದಾರೆ. "ನಾನು ಬರೆ ಹಾಕಿಸುವುದಿಲ್ಲ ಎಂದಿದ್ದೆನೇ ಹೊರತು ನನ್ನ ಹೆಂಡತಿ ಅಂದಿರಲಿಲ್ಲ" ಎಂದರಂತೆ ಆ ದೊಡ್ಡ ಮನುಷ್ಯರು. ಹೊಟ್ಟೆಯ ಮೇಲೆ ಮೂರು ಬರೆ. ಒಂದು ಕೀವಾಗಿತ್ತು. ಮಗು ಅತ್ತಿದ್ದು ಆ ಹೊತ್ತಿಗಷ್ಟೇ, ಇಲ್ಲಿಗೆ ಬಂದ ಮೇಲೆ ಎರಡು ದಿನ ಸದ್ದೇ ಮಾಡಲಿಲ್ಲ.

ಪಲ್ಲವಿ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಮಗುವನ್ನು ಎತ್ತಿಕೊಂಡು, ಉಟ್ಟ ಸೀರೆಯಲ್ಲೇ ಹೊರಟು ಬಂದಳು. ಹಾಲೇಶ್ ಬಸ್ ಸ್ಟಾಪಿನವರೆಗೆ ಹಿಂದೆ ಬಂದನಂತೆ. "ಸಂಜೆ ವಾಪಸ್ ಬಂದ್ಬಿಡು, ಅಪ್ಪನ ಹತ್ರ ನಾನು ಮಾತಾಡ್ತೀನಿ" ಎಂದನಂತೆ. ಇವಳು ತಿರುಗಿ ನೋಡಲಿಲ್ಲ. ಈಗ ಇಬ್ಬರೂ ನನ್ನ ಹತ್ತಿರ ಇದ್ದಾರೆ. ಗಾಯ ಒಣಗುತ್ತಿದೆ. ಪಲ್ಲವಿ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ನೀನು ಅವಳಿಗೆ ಬರೆದ ಕಾಗದವನ್ನು ನನ್ನಿಂದ ಓದಿಸಿದಳು. ಅದಕ್ಕೇ ಇದನ್ನು ಬರೆಯುತ್ತಿರುವುದು.

ಪಂಚಾಕ್ಷರಪ್ಪನವರಿಗೆ ಹೇಳಿದವರು ಯಾರು ಎಂದು ನೀನು ಕೇಳಿದ್ದೆ. ನಾನೇ. ಮಗುವಿಗೆ ಮಾತಿಲ್ಲ ಎಂದು ಗೊತ್ತಾದಾಗ "ತಾಯಿ ಕಡೆ ರಕ್ತದ ದೋಷ" ಎನ್ನಲು ಶುರು ಮಾಡಿದರು. ನನ್ನ ಮಗಳ ಮೇಲಿನ ಮಾತು ತಪ್ಪಿಸಬೇಕಿತ್ತು. ರಕ್ತ ಅಲ್ಲ, ಇಂಥವಳು ಶಾಪ ಕೊಟ್ಟಳು ಅಂದುಬಿಟ್ಟೆ. ಶಾಪವಾದರೆ ಇಳಿಸಬಹುದು, ರಕ್ತವಾದರೆ ಏನು ಮಾಡುವುದು ಅನ್ನಿಸಿತು. ಅವರು ಅದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂದುಕೊಂಡಿರಲಿಲ್ಲ.

ಇನ್ನೊಂದಿದೆ. ನಿನಗೆ ಗೊತ್ತಿಲ್ಲ, ಪಲ್ಲವಿಗೂ ಗೊತ್ತಿಲ್ಲ. ಬಿಂದುವನ್ನು ಕೋಣೆಗೆ ನೂಕಿದ್ದು ಅವಳು ಬಳೆ ಮುಟ್ಟಿದ್ದಕ್ಕಲ್ಲ. ಅವಳು ಎಣಿಸುತ್ತಿದ್ದಾಗ ಬೀಗಿತ್ತಿ ನನ್ನ ಪಕ್ಕಕ್ಕೆ ಬಂದು "ಯಾರ ಮಗಳು ಇದು?" ಎಂದು ಕೇಳಿದರು. ಹುಟ್ಟಿದ ದಿನದಿಂದ ನನ್ನ ಕೈತುತ್ತು ತಿಂದ ಮಗು, ನನ್ನನ್ನು ಸಿದ್ದವ್ವ ಎಂದು ಕರೆಯುತ್ತಿದ್ದ ಮಗು. ನಾನು "ಯಾರೋ ಗೊತ್ತಿಲ್ಲ ಕಣ್ರಿ, ಬೀದಿಯಿಂದ ಒಳಗೆ ಬಂದ್ಬಿಟ್ಟೈತೆ" ಎಂದೆ. ಅಂದ ಮೇಲೆ ಅವಳು ನನ್ನನ್ನು ಸಿದ್ದವ್ವ ಎಂದು ಕರೆದುಬಿಟ್ಟರೆ? ಆ ಹೆದರಿಕೆಗೆ ಎಳೆದುಕೊಂಡು ಹೋದೆ.

ಇಲ್ಲಿ ಬೀದಿಯವರು ಕೇಳಿದರೆ ಮಗುವಿಗೆ ಹುಷಾರಿಲ್ಲ ಎನ್ನುತ್ತೇನೆ. ಮುಂಬಾಗಿಲು ಮುಂದೆ ಮಾಡಿರುತ್ತೇನೆ. ಪಲ್ಲವಿ ಅದನ್ನು ತೆಗೆಯುತ್ತಾಳೆ, ನಾನು ಮತ್ತೆ ಹೋಗಿ ಮುಚ್ಚುತ್ತೇನೆ. ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ ಸುಮಿ. ಪಲ್ಲವಿ ನಿನ್ನ ಮಂಗಳವಾರಕ್ಕೆ ಬರಬೇಕು ಎನ್ನುತ್ತಾಳೆ. ಒಬ್ಬಳೇ ಅಷ್ಟು ದೂರ ಮಗುವನ್ನು ಸುಧಾರಿಸಿಕೊಂಡು ಬರುವುದು ಕಷ್ಟ. ನಾನೂ ಜೊತೆಗೆ ಬರಬಹುದೇ? ಬೇಡ ಅಂದರೆ ಬಸ್ ಸ್ಟ್ಯಾಂಡಿನಲ್ಲೇ ಕೂತಿರುತ್ತೇನೆ.

ಮರುಳಸಿದ್ದಮ್ಮ


ಹಿರಿಯೂರು
೧ ಡಿಸೆಂಬರ್ ೨೦೨೫

ಸಿದ್ದಮ್ಮನಿಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಮೊದಲ ವಾರ ಬರೆಯಲು ಕೂತಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು, ಹರಿದು ಹಾಕಿದೆ. ಆಮೇಲೆ ಬೈಗುಳವೂ ಬರಲಿಲ್ಲ.

ನಿನ್ನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೆ ಎಂದೂ ಕಾಯಬೇಡ. ಉಗುರು ಮತ್ತೆ ಬಂದವು, ಕೋಣೆಯನ್ನು ಸಿಟ್ಟಿನಲ್ಲಾದದ್ದು ಎಂದು ಮರೆಯುತ್ತಿದ್ದೆನೋ ಏನೋ. ಯಾರೋ ಗೊತ್ತಿಲ್ಲ ಎಂದೆಯಲ್ಲ, ಅದು ಹೋಗುವುದಿಲ್ಲ. ರಾಗಿ ಬೀಸುವಾಗ, ಹಣ್ಣು ಬಿಡಿಸುವಾಗ, ಸುಮ್ಮನೆ ಕೂತಾಗ ಬಂದು ಕುಟ್ಟುತ್ತದೆ.

ಬಿಂದು ಇನ್ನೂ ಆ ಮಾತು ಹೇಳುತ್ತಿದ್ದಾಳೆ. ಬೈಯಬೇಡಿ, ಬಾಯಿ ಮುಚ್ಚಿಸಬೇಡಿ, ಬೇರೆ ಮಾತು ಕೊಡಿ ಎಂದಳು ದೀಪಾ. ಅದಕ್ಕೆ ನಮ್ಮ ಮಂಗಳವಾರದ ಹೆಂಗಸರು ಒಂದು ಉಪಾಯ ಮಾಡಿದ್ದಾರೆ. ಮುದ್ದಕ್ಕ ಎಂಬ ಅಜ್ಜಿ ಇದ್ದಾಳೆ, ಕುರಿ ಸಾಕುವ ಮನೆಯವಳು, ಮೊಮ್ಮಗಳನ್ನು ಕರೆದುಕೊಂಡು ಹಟ್ಟಿಯಿಂದ ನಡೆದು ಬರುತ್ತಾಳೆ. ಬಂದವಳೇ ಬಿಂದುವಿನ ಮುಂದೆ ಕೂತು "ಈ ಕೂಸು ನಮ್ಮನಿಗೆ ಬೇಕು, ಕೊಡ್ರವ್ವ" ಎನ್ನುತ್ತಾಳೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳುತ್ತಾರೆ. ಹದಿಮೂರು ವಾರವಾಯಿತು. ಇನ್ನೂ ಅವಳ ನಾಲಿಗೆಗೆ ಅದು ಹತ್ತಿಲ್ಲ. ಹತ್ತದೆಯೂ ಇರಬಹುದು. ನಾವು ಹೇಳುವುದನ್ನು ಬಿಟ್ಟಿಲ್ಲ.

ಪಲ್ಲವಿ ಬರಲಿ. ಮಗುವಿನ ಗಾಯಕ್ಕೆ ಬಟ್ಟೆ ಉಜ್ಜದಂತೆ ಸಡಿಲ ಅಂಗಿ ಹಾಕಿರಿ. ಬರೆಯ ವಿಷಯ ದೀಪಾಗೆ ಹೇಳಿದ್ದೇನೆ, ದೂರು ಕೊಡುವುದು ಬಿಡುವುದು ಪಲ್ಲವಿಯ ಇಷ್ಟ. ಕೊಡುವುದಾದರೆ ಠಾಣೆಗೆ ನಾವು ಏಳೂ ಜನ ಜೊತೆಗೆ ಹೋಗುತ್ತೇವೆ. ಸುಮ್ಮನೆ ಇರುವುದಾದರೆ ಯಾರೂ ಅವಳನ್ನು ಏನೂ ಅನ್ನುವುದಿಲ್ಲ.

ನೀನೂ ಬಾ. ಬಸ್ ಸ್ಟ್ಯಾಂಡಿನಲ್ಲಿ ಕೂರಬೇಡ, ಅದು ನಾಟಕ. ಒಳಗೆ ಬಂದು ಚಾಪೆಯ ಮೇಲೆ ಕೂತ್ಕೊ. ನಾನು ನಿನ್ನನ್ನು ಮಾತಾಡಿಸುವುದಿಲ್ಲ, ಟೀ ಮಾತ್ರ ಕೊಡುತ್ತೇನೆ. ಬಿಂದು ನಿನ್ನ ಮುಖ ನೋಡಿ ಕಿರುಚಬಹುದು. ಕಿರುಚಿದರೆ ಎದ್ದು ಹೋಗಬೇಡ, ನಿಲ್ಲುವತನಕ ಕೂತಿರು.

ಬೆಳಗಿನ ಬಸ್ಸಿಗೇ ಹೊರಡಿ. ಚಿತ್ರದುರ್ಗದಲ್ಲಿ ಇಳಿದು ಬಸ್ಸು ಬದಲಿಸಬೇಕು. ಎರಡೂ ಬಸ್ಸು ತುಂಬಿರುತ್ತವೆ. ರಂಜಿತಾ ಕೂಗುತ್ತಾಳೆ, ಕಿವಿ ಮುಚ್ಚಿಕೊಳ್ಳುತ್ತಾಳೆ, ಜನ ತಿರುಗಿ ನೋಡುತ್ತಾರೆ. ಮಗುವನ್ನು ನಿನ್ನ ತೊಡೆಯ ಮೇಲೆ ಕೂರಿಸಿಕೊ. ಯಾರಾದರೂ ಒಬ್ಬರು ಯಾರ ಮಗು ಇದು ಎಂದು ಕೇಳೇ ಕೇಳುತ್ತಾರೆ. ನೀನು ಏನು ಹೇಳಿದೆ ಎಂದು ನಾನು ಪಲ್ಲವಿಯನ್ನು ಕೇಳುತ್ತೇನೆ.

ಸುಮಿತ್ರಾ